ಮದನಪಲ್ಲಿ ಮನೆ ಮುಂದಿನ ಲಾರಿ

"ಹರಿತಾ, ಸ್ವಲ್ಪ ನಿಂತ್ಕೊಳ್ರೀ!"

ಗೌರಿಬಿದನೂರು ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ಆ ದನಿ ಅವಳಿಗೆ ಗೊತ್ತಾಯಿತು. ತಿರುಗಿದರೆ ಮುರಳಿಮೋಹನ್, ಅವಳ ಆಫೀಸಿನ ಲಾರಿ ಡ್ರೈವರ್! ಕೆಂಪಾದ ಕಣ್ಣು, ಡೀಸೆಲ್ ಮೆತ್ತಿದ ಅಂಗಿ. ತನ್ನೂರು ನಗರಗೆರೆಯ ಬಸ್ಸಿಗೆ ನಿಂತಿದ್ದನೇನೋ.

ಅವಳಿಗೋ ನಿಲ್ಲುವುದಕ್ಕೂ ತ್ರಾಣವಿರಲಿಲ್ಲ. ಬೆಳಗ್ಗಿನಿಂದ ಕುಡುಮಲಕುಂಟೆಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತು, ಸ್ಕ್ರೀನಿನ ಮೇಲೆ ಚುಕ್ಕೆಗಳಾಗಿ ಹರಿದಾಡುವ ಲಾರಿಗಳನ್ನು ಕಾಯ್ದು ಕಣ್ಣು ಉರಿಯುತ್ತಿತ್ತು. ಯಾವ ಲಾರಿ ಎಲ್ಲಿ ನಿಂತಿತು, ಯಾಕೆ ನಿಂತಿತು... ದಿನಾ ಇದೇ! ಇವತ್ತು ಮುಂದಿನ ಪಾಳಿಯವಳು ಬೇರೆ ತಡಮಾಡಿದ್ದಳು. ಮನೆಯಲ್ಲಿ ಅಮ್ಮ ಅಶ್ವತ್ಥಮ್ಮ ಕಾಯುತ್ತಿದ್ದಳು. ಚಿಕ್ಕಬಳ್ಳಾಪುರದ ಗಂಡಿನವರಿಗೆ ಇವತ್ತು ಹೂಂ ಅನ್ನಬೇಕಂತೆ. ಅಂದುಬಿಟ್ಟರೆ ಮುಗಿಯಿತು. ಜಗಳಾಡುವ ಶಕ್ತಿಯಾದರೂ ಯಾರಿಗಿದೆ?

"ನಾನು ಹೋಗ್ಬೇಕು."

"ಹೋಗಿ. ಒಂದ್ ಮಾತು ಹೇಳ್ಬಿಟ್ಟು ಹೋಗಿ. ಮದ್ವೆ ಆಗಣ ಅಂದಾಗ ನಕ್ಕಿದ್ರಿ. ಆಮೇಲೆ ಬೇಡ ಅಂದು ನಂಬರ್ ಬ್ಲಾಕ್ ಮಾಡಿದ್ರಿ. ನಾನೇನ್ ತಪ್ಪು ಮಾಡ್ದೆ?"

ಅಬ್ಬಾ, ಏನು ಮುಗ್ಧ ಮುಖ! ಹರಿತಾಳ ಮೈಯೆಲ್ಲ ಉರಿಯಿತು. ಇದೇ ದನಿಯಲ್ಲವೇ ಫೋನಿನಲ್ಲಿ 'ಶಿಡ್ಲಘಟ್ಟ ದಾಟ್ದೆ ಮೇಡಂ, ನಿಮ್ದು ಊಟ ಆಯ್ತಾ?' ಎಂದು ಕೇಳಿ ಕೇಳಿ ಅವಳ ಮನಸ್ಸು ಕದ್ದದ್ದು?

"ಮದನಪಲ್ಲೀಲಿ ಯಾರಿದಾರೆ ನಿಮ್ಗೆ?"

"ಮದನಪಲ್ಲೀಲಾ?"

"ನಾಟಕ ಬೇಡ! ಗೋಡೌನ್ ಹತ್ರ ನಿಲ್ಬೇಕಾದ ನಿಮ್ ಲಾರಿ ಪ್ರತಿ ಸಲ ಒಂದ್ ಮನೆ ಮುಂದೆ ಬೆಳಗಿನ್‌ತನಕ ನಿಂತಿರುತ್ತೆ. ಮ್ಯಾನೇಜರ್‌ಗೆ ಹೇಳಿದ್ರೆ ನಿಮ್ ಕೆಲ್ಸ ಹೋಗುತ್ತೆ ಅಂತ ಬಾಯ್ ಮುಚ್ಕೊಂಡು, ನಾನೊಬ್ಳೇ ಅತ್ತಿದೀನಿ ಕಣ್ರೀ..."

ಮೊಬೈಲಿನಲ್ಲಿ ಲಾರಿಗಳ ನಕ್ಷೆ ತೆರೆದು ಅವನ ಮುಖಕ್ಕೆ ಹಿಡಿದಳು.

"ನೋಡಿ! ಇವತ್ತೂ ನಿಮ್ ಲಾರಿ ಅದೇ ಮನೆ ಮುಂದೇನೇ..."

ಮಾತು ಅರ್ಧಕ್ಕೇ ನಿಂತಿತು.

ಲಾರಿ ಮದನಪಲ್ಲಿಯಲ್ಲಿದೆ. ಹಾಗಾದರೆ... ಮುರಳಿ ಇಲ್ಲಿ ಹೇಗೆ?

ಅವನು ಕಲ್ಲು ಬೆಂಚಿನ ಮೇಲೆ ಕುಸಿದು ಕೂತ.

"ಅದು ವೆಂಕಟೇಶನ ಮನೆ. ನಮ್ ಇನ್ನೊಬ್ಬ ಡ್ರೈವರ್ರು ಇದಾನಲ್ಲ, ಅವನು. ಅವನು ಅಲ್ಲಿಂದ ಬರ್ತಾನೆ, ನಾನು ಇಲ್ಲಿಂದ ಹೋಗ್ತೀನಿ. ಚಿಂತಾಮಣೀಲಿ ಸಿಕ್ಕಿ ಲಾರಿ ಅದಲುಬದಲು ಮಾಡ್ಕೋತೀವಿ. ಅವನು ನನ್ ಲಾರೀಲಿ ಅವನ ಮನೆಗೆ, ನಾನು ಅವನ ಲಾರಿ ಆಫೀಸಿಗೆ ತಂದಿಟ್ಟು ನಮ್ ಮನೆಗೆ. ಅವನ ಹೆಂಡ್ತಿ ಬಾಣಂತಿ. ಇಲ್ಲಾಂದ್ರೆ ಇಬ್ರೂ ಕ್ಯಾಬಿನ್ನಲ್ಲಿ ಸೊಳ್ಳೆ ಕಚ್ಚಿಸ್ಕೊಂಡು ಬಿದ್ದಿರ್ಬೇಕು."

"ನಂಗ್ಯಾಕೆ ಹೇಳ್ಲಿಲ್ಲ?"

"ಒಬ್ರ ಲಾರಿ ಇನ್ನೊಬ್ರು ಓಡಿಸ್ಬಾರ್ದು ಅಂತ ರೂಲ್ಸು. ಹೇಳಿದ್ರೆ ನೀವು ರಿಪೋರ್ಟ್ ಮಾಡ್ಬೇಕು, ವೆಂಕಟೇಶನ ಹೊಟ್ಟೆ ಮೇಲೆ ಹೊಡ್ದಂಗಾಗುತ್ತೆ. ಮುಚ್ಚಿಟ್ರೆ ನಿಮ್ ಕೆಲ್ಸಕ್ಕೇ ಕುತ್ತು. ಅದ್ಕೇ..."

ದೇವರೇ! ಉಪಗ್ರಹಕ್ಕೆ ಕಂಡದ್ದು ಲಾರಿ. ಸ್ಟೀರಿಂಗ್ ಹಿಡಿದವರು ಯಾರೆಂದು ಅದಕ್ಕೇನು ಗೊತ್ತು? ವೆಂಕಟೇಶನ ಲಾರಿ ಕುಡುಮಲಕುಂಟೆಗೆ ಬರುವಷ್ಟರಲ್ಲಿ ಅವಳು ಮನೆ ಸೇರಿರುತ್ತಿದ್ದಳು. ಅದರಿಂದ ಇಳಿಯುವವನ ಮುಖ ಒಂದು ದಿನವೂ ನೋಡಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದರೇ? ಒಂದು ಮಾತು ಕೇಳಿದ್ದರೆ ಸಾಕಿತ್ತು. ಈ ಮಹರಾಯ್ತಿ ಕೇಳಲೇ ಇಲ್ಲ!

ಅವಳೂ ಪಕ್ಕದಲ್ಲಿ ಕೂತಳು. ಕಣ್ಣೀರು ತಾನಾಗಿ ಇಳಿಯಿತು.

"ತಪ್ಪಾಯ್ತು ಮುರಳಿ..."

ಅಷ್ಟರಲ್ಲಿ ಫೋನ್ ಬಂತು. ಅಮ್ಮ.

"ಎಲ್ಲಿದೀಯಮ್ಮ? ಅವ್ರಿಗೇನ್ ಹೇಳ್ಲಿ?"

"ಬೇಡ ಅಂತ ಹೇಳ್ಬಿಡಮ್ಮ."

"ಅಯ್ಯೋ, ಯಾಕೇ?"

"ಮನೆಗೆ ಬಂದು ಹೇಳ್ತೀನಿ. ಒಬ್ಳೇ ಬರಲ್ಲ."

ಮುರಳಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಈ ಕದ್ದುಮುಚ್ಚಿ ಮಾಡೋದು ಸಾಕು. ನಾಳೆ ಮ್ಯಾನೇಜರ್ ಹತ್ರ ನಾನೇ ಮಾತಾಡ್ತೀನಿ. ಚಿಂತಾಮಣೀಲಿ ಬದಲಾಯ್ಸೋದನ್ನೇ ರೂಲ್ಸ್ ಮಾಡ್ಲಿ."

"ಒಪ್ದೇ ಇದ್ರೆ?"

"ಇಬ್ರೂ ಬೇರೆ ಕೆಲ್ಸ ಹುಡುಕಣ."

ಎಷ್ಟೋ ದಿನದ ಮೇಲೆ ಅವನು ನಕ್ಕ. ಆ ನಗುವಿನಲ್ಲೂ ಸುಸ್ತಿತ್ತು.

"ಮತ್ತೆ ಯಾವತ್ತಾದ್ರೂ ನಾನು ಎಲ್ಲೋ ನಿಂತಂಗೆ ಕಂಡ್ರೆ?"

"ಕೇಳ್ತೀನಿ."

"ಅಷ್ಟೇನಾ?"

"ಅಷ್ಟೇ. ನೀವೇನ್ ಹೇಳ್ತೀರೋ ಅದನ್ನ ನಂಬ್ತೀನಿ."