ಒಂದು ದಿನ ತಡವಾದ ಲಕೋಟೆ

೧೯೬೬ರ ಜುಲೈ ೧೪, ಬೆಳಿಗ್ಗೆ ಹತ್ತು ಗಂಟೆ. ಹೊಸನಗರ ಠಾಣೆಗೆ ಬಂದ ಜಯಪ್ಪ ಸಬ್‌ಇನ್ಸ್‌ಪೆಕ್ಟರ್ ಅಂಜನಪ್ಪನವರ ಮೇಜಿನ ಮೇಲೆ ಒಂದು ಲಕೋಟೆ ಇಟ್ಟ. ಗೇಣಿದಾರನ ಮಗ, ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವ.

"ಬೆಂಗಳೂರಲ್ಲಿ ಓವರ್‌ಸಿಯರ್ ಕೆಲ್ಸದ ಸಂದರ್ಶನ ಹನ್ನೆರಡನೇ ತಾರೀಕಿಗೇ ಮುಗೀತು ಸಾರ್. ಕಾಗದ ನನ್ನ ಕೈಗೆ ಬಂದಿದ್ದು ನಿನ್ನೆ. ಇನ್ನೊಂದ್ಸಲ ಅರ್ಜಿ ಹಾಕಾಣ ಅಂದ್ರೆ ವಯಸ್ಸು ಮೀರ್ತು."

ಲಕೋಟೆಯ ಮೇಲೆ ಹೊಸನಗರದ ಮುದ್ರೆ, ನಾಲ್ಕನೇ ತಾರೀಕು. ಜಯಪ್ಪನ ಊರಿನ ಮುದ್ರೆ, ಹದಿಮೂರು. ಆರು ಮೈಲಿಗೆ ಒಂಬತ್ತು ದಿನವೇ? ಬಸವನಹುಳು ಹೊತ್ತು ತಂದಿದ್ದರೂ ಮುಂಚೆ ಬರುತ್ತಿತ್ತಲ್ಲ! ಅಂಜನಪ್ಪನವರಿಗೆ ರೇಗಿತು. ಎಫ್.ಐ.ಆರ್. ಬರೆಸಿದರು.

ಟಪಾಲು ಹೊರುವ ಜಟ್ಟಪ್ಪನನ್ನು ಕರೆಸಿದರು.

"ಚೀಲ ತಪ್ಪಿದ್ದುಂಟೇನೋ?"

"ಒಂದಿನಾನೂ ಇಲ್ಲ ಸ್ವಾಮಿ. ಹೇರಂಬಯ್ಯನ ಕೈಗೇ ಕೊಡ್ತೀನಿ."

ಹೇರಂಬ ಜಯಪ್ಪನ ಊರಿನ ಪೋಸ್ಟ್‌ಮಾಸ್ಟರ್. ಸಂಸ್ಕೃತ ತಗೊಂಡು ಮೊದಲ ದರ್ಜೆಯಲ್ಲಿ ಬಿ.ಎ. ಮಾಡಿದವನು. ಮಧ್ಯಾಹ್ನ ಎರಡಕ್ಕೆ ಅಂಜನಪ್ಪ ಅಂಚೆ ಕಚೇರಿಯಲ್ಲಿ ಅವನೆದುರು ಕೂತರು.

"ಮಳೆ ಸ್ವಾಮಿ. ಚೀಲ ಬರ್ಲಿಲ್ಲ."

ಜಯಪ್ಪ ಲಕೋಟೆಯ ಪಕ್ಕ ಹರಿದು ಕಾಗದ ತೆಗೆದಿದ್ದ. ಅಂಟಿಸಿದ ಬಾಯಿ ಹಾಗೇ ಇತ್ತು. ಅಂಜನಪ್ಪ ಪಂಚರ ಮುಂದೆ ಅದನ್ನು ಉಗುರಿನಿಂದ ಎಬ್ಬಿಸಿದರು. ಒಳಗೆ ಒಣಗಿದ ಅನ್ನದ ಅಗುಳು.

"ಬೆಂಗಳೂರು ಕಚೇರಿಯವ್ರು ಗೋಂದು ಹಚ್ತಾರೆ. ಅಗುಳು ಹಚ್ಚೋರು ನಮ್ಮ ಕಡೆಯವ್ರು. ನಿಮ್ಮಲ್ಲಿ ಗೋಂದು ಮುಗಿದು ಎಷ್ಟು ದಿನ ಆತು?"

ಹೇರಂಬ ಮೇಜಿನ ಮೇಲಿದ್ದ ಖಾಲಿ ಗೋಂದಿನ ಸೀಸೆಯನ್ನು ಪಕ್ಕಕ್ಕೆ ಸರಿಸಿದ. "ಒಂದು ತಿಂಗಳು."

"ಸಂದರ್ಶನದ ತಾರೀಕು ನೋಡೋಕೆ ಒಡೆದ್ರಾ?"

"ಹೌದು."

"ಒಲೆಗೆ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕೆ ಕೊಟ್ರಿ?"

"ಅವನಿಗೆ ಗೊತ್ತಾಗ್ಬೇಕಿತ್ತು, ಕರೆದಿದ್ರು ಅಂತ."

ಥೂ, ಎಂಥ ಹೊಟ್ಟೆಕಿಚ್ಚು ಮಾರಾಯ! ಅಂಜನಪ್ಪನವರಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ಪಂಚನಾಮೆಯಲ್ಲಿ ಹೇರಂಬನ ಪೆಟ್ಟಿಗೆಯಿಂದ ನಲವತ್ತೊಂದು ಕಾಗದ ಸಿಕ್ಕವು. ಎಲ್ಲವೂ ಅವನ ಅರ್ಜಿಗಳಿಗೆ ಬಂದ ಉತ್ತರ. ಟೈಪಿಂಗ್ ಇಲ್ಲ, ಗಣಿತ ಓದಿಲ್ಲ, ತಾಂತ್ರಿಕ ಅರ್ಹತೆ ಇಲ್ಲ.

"ನನ್ನ ಮುಂದೆ ಕೂತು ಇಂಗ್ಲಿಷ್ ಕಲಿತವ ಸ್ವಾಮಿ ಅವ," ಎಂದ ಹೇರಂಬ. "ಮೂರು ವರ್ಷ ಇಟ್ಟಿಗೆ, ಸಿಮೆಂಟು ಓದಿದ. ಮೊದಲನೇ ಅರ್ಜಿಗೇ ಕರೆದ್ರು."

ಸಂಜೆ ನಾಲ್ಕಕ್ಕೆ ದಸ್ತಗಿರಿ ಆಯಿತು. ಕೈಗೆ ಬೇಡಿ ಹಾಕಿ ಹೇರಂಬನನ್ನು ಬಸ್ಸು ಹತ್ತಿಸಿದರು. ಅಲ್ಲೇ ನಿಂತಿದ್ದ ಜಯಪ್ಪ ಅವನ ಮುಖ ಕೂಡ ನೋಡಲಿಲ್ಲ. ಅಂಜನಪ್ಪನವರ ಹತ್ತಿರ ಬಂದು ದನಿ ತಗ್ಗಿಸಿದ.

"ಸಾರ್, ಈ ಪೋಸ್ಟ್‌ಮಾಸ್ಟರ್ ಕೆಲ್ಸ ಈಗ ಖಾಲಿ ಆತಲ್ಲ. ಇದಕ್ಕೆ ವಯಸ್ಸಿನ ಮಿತಿ ಉಂಟಾ?"