ಮೊಣಕೈ ಹೇಳಿದ ಸುಳ್ಳು

"ಮುಟ್ಟಬೇಡಿ..."

ಅವನು ಇನ್ನೂ ಮುಟ್ಟಿಯೇ ಇರಲಿಲ್ಲ. ಆದರೂ ಅವಳು ಬಲಗೈಯನ್ನು ಎದೆಗೆ ಅವಚಿಕೊಂಡಳು.

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಮಾಸ್ಟರ್ ಎಂದು. ಹದಿನಾಲ್ಕು ವರ್ಷ ಕೋಟಿನ ಬಟ್ಟೆ ಕತ್ತರಿಸಿ ಕತ್ತರಿಸಿ ಇಬ್ಬರು ತಂಗಿಯರನ್ನು ದಡ ಸೇರಿಸಿದ್ದಳು. ಅಷ್ಟರಲ್ಲಿ ಮೊಣಕೈಯ ಸ್ನಾಯುರಜ್ಜು ಹೈರಾಣಾಗಿತ್ತು. ಎರಡು ಸಲ ಇಂಜೆಕ್ಷನ್ ಆಯಿತು. ನೋವು ತವರಿಗೆ ಹೋದವಳಂತೆ ನಾಲ್ಕು ದಿನ ಹೋಗಿ ಮತ್ತೆ ಬಂತು.

ಕೊನೆಯ ಪ್ರಯತ್ನ ಈ ಫಿಸಿಯೋ. ಔಷಧಿಯೇ ಇಲ್ಲದ ಕೂದಲೆಳೆಯಂಥ ಸೂಜಿಯನ್ನು ಬಿಗಿದ ಸ್ನಾಯುವಿಗೆ ಚುಚ್ಚಿ ತೆಗೆಯುತ್ತಾನಂತೆ.

ಅವನು ಅವಸರ ಮಾಡಲಿಲ್ಲ. ಅವಳ ಕೈಯನ್ನು ದಿಂಬಿನ ಮೇಲಿಟ್ಟು, ಅದು ಸಡಿಲವಾಗುವವರೆಗೆ ಸುಮ್ಮನೆ ಹಿಡಿದು ಕೂತ. ಏನೂ ಕೆಲಸ ಹೇಳದೆ ಯಾರಾದರೂ ಈ ಕೈ ಹಿಡಿದು ಎಷ್ಟು ವರ್ಷವಾಯಿತೋ... ಸೂಜಿ ತಾಗುವ ಮೊದಲೇ ಅವಳ ಕಣ್ಣು ತುಂಬಿತು.

ಪ್ರತಿ ವಾರ ಅವನದು ಒಂದೇ ಪ್ರಶ್ನೆ, ಹತ್ತಕ್ಕೆ ನೋವೆಷ್ಟು? ಮೊದಲ ದಿನ ಎಂಟು ಎಂದಳು. ಅದು ನಿಜ. ಐದನೇ ವಾರಕ್ಕೆ ಅದು ಎರಡಕ್ಕಿಳಿದಿತ್ತು. ಮೂರಕ್ಕಿಂತ ಕಡಿಮೆಯಾದರೆ ಚಿಕಿತ್ಸೆ ಮುಗಿದಂತೆ ಎಂದು ಅವನೇ ಹೇಳಿದ್ದ.

ಅವಳು ಏಳು ಎಂದಳು. ಮುಂದಿನ ವಾರವೂ ಏಳು. ಬಟ್ಟೆಯಲ್ಲಿ ನೂಲಿನಷ್ಟೂ ಅಳತೆ ತಪ್ಪದವಳು ತನ್ನ ಕೈಯ ಅಳತೆಯನ್ನೇ ತಪ್ಪಿಸಿದಳು ನೋಡಿ!

ಒಂಬತ್ತನೇ ವಾರ ಅವನು ಸೂಜಿಯ ಪೊಟ್ಟಣ ತೆರೆಯಲಿಲ್ಲ. ಮುಖ ಬಾಡಿತ್ತು. ಸರ್ಜನ್‌ಗೆ ಬರೆದ ಚೀಟಿಯನ್ನು ಅವಳ ಮುಂದಿಟ್ಟ. ತನ್ನಿಂದಾಗಲಿಲ್ಲ, ಇನ್ನು ಆಪರೇಷನ್ ಒಂದೇ ದಾರಿ, ಇಷ್ಟು ದಿನ ಸುಮ್ಮನೆ ಚುಚ್ಚಿದ್ದಕ್ಕೆ ಕ್ಷಮಿಸಿ ಎಂದ. ಈ ಕೆಲಸವೇ ತನಗೆ ಹೇಳಿ ಮಾಡಿಸಿದ್ದಲ್ಲವೇನೋ ಎಂದೂ ಗೊಣಗಿದ.

ಅವಳು ಚೀಟಿಯನ್ನು ಮುಟ್ಟಲಿಲ್ಲ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಸುಮ್ಮನಿದ್ದರೆ ಇವನೇ ಕುಸಿದು ಹೋಗುತ್ತಾನೆ...

"ನೋವು ಹೋಗಿ ತಿಂಗಳಾಯ್ತು," ಎಂದಳು ತಲೆ ತಗ್ಗಿಸಿ. "ನಾನೇ ಸುಳ್ಳು ಹೇಳ್ದೆ."

"ಯಾಕೆ?"

"ವಾಸಿಯಾದ್ರೆ ಇಲ್ಲಿಗೆ ಬರೋಕೆ ನನಗೆ ಬೇರೆ ನೆಪ ಇಲ್ಲ..."

ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಒಂದು ತಿಂಗಳ ದಣಿವು ಅವನ ಮುಖದಲ್ಲಿತ್ತು. ತನ್ನಿಂದಲೇ ಆದ ದಣಿವು ಅದು ಎಂದು ಅವಳಿಗೆ ಅಳು ಬಂತು.

"ಇವತ್ತಿಂದ ನೀವು ನನ್ನ ಪೇಷೆಂಟ್ ಅಲ್ಲ," ಎಂದ.

ಅವಳು ಚೀಲ ತೆಗೆದುಕೊಂಡು ಎದ್ದಳು.

"ಆರಕ್ಕೆ ಬಾಗಿಲು ಹಾಕ್ತೀನಿ," ಎಂದ ಅವನು, ಕಣ್ಣು ತೆರೆಯದೆಯೇ. "ಅಷ್ಟೊತ್ತಿಗೆ ತುಂಬಾ ಸುಸ್ತಾಗಿರುತ್ತೆ. ಎಲ್ಲಾದ್ರೂ ಸುಮ್ನೆ ಕೂತ್ಕೋಬೇಕು ಅನ್ಸುತ್ತೆ. ಜೊತೆಗೆ ಬರ್ತೀರಾ?"

ಅವಳು ಬಾಗಿಲ ಬಳಿ ನಿಂತಳು.

"ನನಗೂ ಸುಸ್ತಾಗಿರುತ್ತೆ," ಎಂದಳು. "ಬರ್ತೀನಿ."