ಏಳನೇ ಪುಸ್ತಕದ ವಾಕ್ಯ

ಸೋಮವಾರ ಬೆಳಿಗ್ಗೆ ಬಲ್ಮಠದ ಹೃಷೀಕೇಶ ಮಾಸ್ಟ್ರ ಮನೆಯಲ್ಲಿ ನಾನು ಏಳನೇ ಪುಸ್ತಕವನ್ನು ತೆರೆದಾಗ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಬರೀ ಬಿಳಿ. ಹೊರಗಿನ ಬೈಂಡ್ ಮಾತ್ರ ಉಳಿದವುಗಳ ಹಾಗೆಯೇ ಇತ್ತು. ಮಾಸ್ಟ್ರು ಕುರ್ಚಿಯಲ್ಲಿ ಕುಸಿದರು.

ಅನಂತರ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಎಸ್ತೆರ್ ಮೇಡಂ ಬಿಡಿಸಿದ ಒಗಟುಗಳನ್ನೆಲ್ಲ ಇಷ್ಟು ವರ್ಷ ಜಂಬದಿಂದ ಬರೆದಿಟ್ಟವನು ನಾನು. ನನ್ನ ಮುಖಕ್ಕೆ ಮಸಿ ಬಳಿದದ್ದನ್ನು ಮಾತ್ರ ಬಿಟ್ಟರೆ ಅದೂ ಕಳ್ಳತನವೇ.

ಮಾಸ್ಟ್ರು ಮೂವತ್ತು ವರ್ಷ ಮನೆಯಲ್ಲೇ ಇಂಗ್ಲಿಷ್ ಟ್ಯೂಷನ್ ಕೊಟ್ಟವರು. ರನ್, ಟರ್ನ್, ಪಾಸ್, ಶಿಫ್ಟ್, ಮೂವ್ ಇಂಥ ಓಡಾಡುವ, ಬದಲಾಗುವ ಪದಗಳೆಂದರೆ ಅವರಿಗೆ ಹುಚ್ಚು. ಬಸ್ಸೂ ರನ್ ಆಗುತ್ತದೆ, ಅಂಗಡಿಯೂ ರನ್ ಆಗುತ್ತದೆ, ನೆಗಡಿ ಬಂದರೆ ಮೂಗೂ ರನ್ ಆಗುತ್ತದೆ ಎಂದು ನಗುತ್ತಿದ್ದರು. ಒಂದೊಂದು ಅರ್ಥಕ್ಕೂ ಮಕ್ಕಳಿಂದಲೇ ವಾಕ್ಯ ಮಾಡಿಸಿ, ಒಳ್ಳೆಯದನ್ನು ಮಗುವಿನ ಹೆಸರಿನ ಸಮೇತ ಬರೆದಿಡುತ್ತಿದ್ದರು. ಬ್ಯಾಚಿಗೊಂದು ಪುಸ್ತಕ, ಒಟ್ಟು ಹನ್ನೊಂದು. ಅವನ್ನು ಅಚ್ಚು ಹಾಕಿಸಬೇಕೆಂದು ಈ ವರ್ಷ ಹೊರಟಿದ್ದರು.

ಟೈಪಿಂಗ್ ಕೆಲಸ ಬಿಜೈಯ ನನ್ನ ಝೆರಾಕ್ಸ್ ಅಂಗಡಿಯದು. ಪುಸ್ತಕಗಳಿಗೆ ಮೊದಲು ಇದ್ದದ್ದು ಹಳೇ ಕ್ಯಾಲೆಂಡರ್ ಹಾಳೆಯ ಬೈಂಡ್. ಅದು ಹರಿದಿದ್ದರಿಂದ ಹೋದ ತಿಂಗಳು ನಾನೇ ಎಲ್ಲಕ್ಕೂ ಕಂದು ಕಾಗದ ಹಾಕಿ, ಹಸಿರು ಸ್ಕೆಚ್ ಪೆನ್ನಿನಲ್ಲಿ ನಂಬರ್ ಬರೆದು ಕಪಾಟಿಗೆ ಮರಳಿಸಿದ್ದೆ. ಒಂದೊಂದನ್ನೇ ಅಂಗಡಿಗೆ ಒಯ್ದು ಟೈಪ್ ಮಾಡುತ್ತಿದ್ದೆ. ಆರು ಮುಗಿದಿದ್ದವು. ತಮಾಷೆಯ ವಾಕ್ಯ ಸಿಕ್ಕಿದರೆ ಗಿರಾಕಿಗಳಿಗೆ ಓದಿ ಹೇಳಿ ನಗಿಸುವ ಚಟವೂ ನನಗಿತ್ತು.

"ಇದು ದೇಯಿಯದ್ದೇ ಕೆಲಸ ಮಾಸ್ಟ್ರೇ," ಎಂದೆ. ದೇಯಿಯಕ್ಕ ಆ ಮನೆಯಲ್ಲಿ ಒಂಬತ್ತು ವರ್ಷದಿಂದ ಗುಡಿಸಿ ಒರೆಸುವವರು. "ಗುಜರಿಗೆ ಹಾಕಿಯೋ, ನೀರು ಚೆಲ್ಲಿಯೋ ಹಾಳು ಮಾಡಿದ್ದಾಳೆ. ಬೈಗುಳ ತಪ್ಪಿಸಲು ಮೊಮ್ಮಗಳ ಹೊಸ ಪುಸ್ತಕ ತಂದಿಟ್ಟಿದ್ದಾಳೆ."

ಬಾಗಿಲಲ್ಲೇ ಇದ್ದ ದೇಯಿಯಕ್ಕನ ಕೈಯಿಂದ ಹಿಡಿಸೂಡಿ ಜಾರಿತು. "ಎಂತ ಹೇಳ್ತೀರಿ ಮುಖೇಶಣ್ಣ? ನಾನು ಮುಟ್ಟಿದ್ದರೆ ನನ್ನ ಕೈ ಸೇದಿಹೋಗಲಿ!"

ನಾನು ಅಲ್ಲಿಗೇ ನಿಲ್ಲಲಿಲ್ಲ. ಅದೇ ಓಣಿಯಲ್ಲಿ ಅವರು ಕೆಲಸಕ್ಕೆ ಹೋಗುವ ಇನ್ನೆರಡು ಮನೆಗಳಿಗೆ ಫೋನ್ ಮಾಡಿ, ಜಾಗ್ರತೆ ಎಂದೆ. ಮಧ್ಯಾಹ್ನದೊಳಗೆ ಎರಡೂ ಮನೆಯವರು ನಾಳೆಯಿಂದ ಬರುವುದು ಬೇಡ ಎಂದುಬಿಟ್ಟರು. ದೇಯಿಯಕ್ಕನ ಸಂಸಾರ ನಡೆಯುತ್ತಿದ್ದದ್ದು ಆ ಮೂರು ಮನೆಗಳಿಂದಲೇ.

ಎಸ್ತೆರ್ ಮೇಡಂ ಮಾಸ್ಟ್ರ ಕಾಂಪೌಂಡಿನ ಔಟ್‌ಹೌಸಿನಲ್ಲೇ ಇರುವ ನಿವೃತ್ತ ಲೈಬ್ರೇರಿಯನ್. ಕಳೆದುಹೋದ ಪುಸ್ತಕ ಹುಡುಕುತ್ತಾ ಹುಡುಕುತ್ತಾ ಮನುಷ್ಯರನ್ನು ಓದಲು ಕಲಿತವರು. ಅವರು ಖಾಲಿ ಪುಸ್ತಕವನ್ನು ತಿರುವಿ ನೋಡಿದರು, ಕಪಾಟಿನಲ್ಲಿದ್ದ ಆರನೇ, ಎಂಟನೇ ಪುಸ್ತಕಗಳನ್ನು ಬೆರಳಿಂದ ಸವರಿದರು. ಆಮೇಲೆ ಕೇಳಿದ್ದು ಒಂದೇ: "ನಿನ್ನೆ ಊಟಕ್ಕೆ ಯಾರೆಲ್ಲ ಬಂದಿದ್ದರು?"

ಬಂದವರು ಮೂವರು ಹಳೇ ವಿದ್ಯಾರ್ಥಿಗಳು. ಮೂರನೇ ಬ್ಯಾಚಿನ ಸಾಜಿದಾ, ಈಗ ನರ್ಸ್. ಏಳನೇ ಬ್ಯಾಚಿನ ಫಿಲಿಪ್, ಹನ್ನೆರಡು ವರ್ಷದ ನಂತರ ಕುವೈತಿನಿಂದ ಶನಿವಾರವಷ್ಟೇ ಬಂದವನು. ಅದೇ ಬ್ಯಾಚಿನ ರಂಜಿನಿ, ಈಗ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ, ಪ್ರಶ್ನೆಪತ್ರಿಕೆಗಳ ಪ್ರತಿ ತೆಗೆಸಲು ನನ್ನ ಅಂಗಡಿಗೆ ಬರುವವಳು.

"ಸಂಜೆ ಐದಕ್ಕೆ ಮೂವರನ್ನೂ ಬರಹೇಳು," ಎಂದರು ಮೇಡಂ. "ದೇಯಿಯೂ ಇರಬೇಕು. ಮೆಟ್ಟಿಲಲ್ಲಿ ಅಲ್ಲ, ಒಳಗೆ, ಕುರ್ಚಿಯಲ್ಲಿ."

ಐದಕ್ಕೆ ಎಲ್ಲರೂ ಕೂತರು. ದೇಯಿಯಕ್ಕ ಕುರ್ಚಿಯ ಅಂಚಿನಲ್ಲಿ, ತಲೆ ತಗ್ಗಿಸಿ.

"ಮೊದಲು ಮುಖೇಶನ ಲೆಕ್ಕಾಚಾರ ನೋಡುವ," ಎಂದರು ಮೇಡಂ. "ಗುಜರಿಗೆ ಹಾಕುವವರು ಕಾಲು ಕಿಲೋ ತೂಗದ ಒಂದೇ ಪುಸ್ತಕ ಒಯ್ದು, ಅದಕ್ಕೆ ಬದಲಾಗಿ ಹೊಸದೊಂದು ಪುಸ್ತಕ ಇಡ್ತಾರಾ ಮಾರಾಯ? ನೀರು ಚೆಲ್ಲಿದ್ದರೆ ಆರು, ಎಂಟಕ್ಕೂ ಕಲೆ ಆಗಬೇಕಿತ್ತು. ಅವು ಒಣಗಿವೆ, ಸ್ವಚ್ಛ ಉಂಟು. ಇಷ್ಟನ್ನು ನೋಡಲು ಎರಡು ನಿಮಿಷ ಸಾಕಿತ್ತು."

ಮೇಡಂ ಖಾಲಿ ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಇದು ಮೊದಲೇ ತಯಾರಿ ಮಾಡಿ ತಂದಿಟ್ಟ ಪುಸ್ತಕ. ಏಳನೆಯದೇ ಯಾಕೆ? ಅದರಲ್ಲಿರುವ ಯಾವುದೋ ಒಂದು ಅಚ್ಚಾಗಬಾರದು. ಸಾಜಿದಾ ಬರೆದದ್ದು ಮೂರನೆಯದರಲ್ಲಿ, ಅದು ಟೈಪ್ ಆಗಿ ಮುಗಿದಿದೆ. ಉಳಿದವರು ಇಬ್ಬರು. ಫಿಲಿಪ್, ಮಾಸ್ಟ್ರ ಪುಸ್ತಕಗಳಿಗೆ ಎಂಥ ಬೈಂಡ್ ಇತ್ತು?"

"ಕ್ಯಾಲೆಂಡರ್ ಹಾಳೆಯದ್ದಲ್ವಾ ಮೇಡಂ?" ಎಂದ ಫಿಲಿಪ್.

"ಹೌದು, ಹೋದ ತಿಂಗಳವರೆಗೆ. ಫಿಲಿಪ್ ಮನೆಯಿಂದ ನಕಲಿ ಮಾಡಿ ತಂದಿದ್ದರೆ ಅದಕ್ಕೂ ಕ್ಯಾಲೆಂಡರ್ ಹಾಳೆಯೇ ಇರ್ತಿತ್ತು. ಇದು ಕಂದು ಕಾಗದ, ಹಸಿರು ಅಂಕೆ. ಹೊಸ ಬೈಂಡನ್ನು ನೋಡಿದವರು ಮಾಡಿದ್ದು. ಅದು ಹೊರಗಿನವರ ಕಣ್ಣಿಗೆ ಬೀಳ್ತಿದ್ದದ್ದು ಒಂದೇ ಕಡೆ, ಮುಖೇಶನ ಕೌಂಟರಿನಲ್ಲಿ. ಮುಖೇಶ, ಮುಂದೆ ಏಳನೆಯದು ಅಂತ ನೀನು ಯಾರಿಗಾದರೂ ಹೇಳಿದ್ದೆಯಾ?"

ನನಗೆ ನೆನಪಾಯಿತು. ಹೋದ ಗುರುವಾರ ಆರನೇ ಪುಸ್ತಕದ ಯಾರದೋ ವಾಕ್ಯ ಓದಿ ನಗುತ್ತಾ, ಕೌಂಟರಿನಾಚೆ ನಿಂತವಳಿಗೆ, ಸೋಮವಾರದಿಂದ ನಿಮ್ಮ ಬ್ಯಾಚು, ನಿಮ್ಮ ಹೆಸರೂ ಬರುತ್ತದೆ ಎಂದಿದ್ದೆ. ನನ್ನ ಕಣ್ಣು ತಾನಾಗಿ ರಂಜಿನಿಯ ಕಡೆ ಹೋಯಿತು.

ಮೇಡಂ ಯಾರ ಹೆಸರನ್ನೂ ಹೇಳಲಿಲ್ಲ. "ಪುಸ್ತಕ ನನ್ನ ಬಾಗಿಲಿಗೆ ಬಂದರೂ ಸಾಕು," ಎಂದರು. "ಆದರೆ ಇವತ್ತೇ ಬರಬೇಕು. ದೇಯಿಗೆ ಎರಡು ಮನೆಯ ಕೆಲಸ ಹೋಗಿದೆ."

"ಕೆಲಸ ಹೋಯಿತಾ?" ರಂಜಿನಿ ದೇಯಿಯಕ್ಕನ ಕಡೆ ತಿರುಗಿದಳು.  ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. "ನಾನು ತೆಗೆದದ್ದು. ಸುಡಬೇಕು ಅಂತಿದ್ದೆ. ಉಳಿದವರದ್ದೂ ಉಂಟಲ್ಲ, ಮನಸ್ಸು ಬರಲಿಲ್ಲ."

"ನನ್ನನ್ನು ಕೇಳಬಹುದಿತ್ತಲ್ಲ ಮಗಾ," ಎಂದರು ಮಾಸ್ಟ್ರು.

"ಕೇಳಿದರೆ ಯಾಕೆ ಅಂತ ಹೇಳಬೇಕಿತ್ತು ಸರ್." ಅವಳು ಪುಟ ತೆರೆದು ಅವರ ಮುಂದೆ ಸರಿಸಿದಳು. "ಶಿಫ್ಟ್ ಪದಕ್ಕೆ ವಾಕ್ಯ ಕೇಳಿದ್ದಿರಿ. ಅಪ್ಪ ಅಮ್ಮನಿಗೆ ಹೊಡೀತಾರೆ, ನೆರೆಯವರಿಗೆ ಗೊತ್ತಾದಾಗೆಲ್ಲ ನಾವು ಮನೆ ಶಿಫ್ಟ್ ಮಾಡ್ತೇವೆ ಅಂತ ಬರೆದೆ. ಹದಿಮೂರು ವರ್ಷ ನನಗೆ. ಇಂಗ್ಲಿಷಿನಲ್ಲಿ ಬರೆದರೆ ಯಾರಿಗೂ ಅರ್ಥ ಆಗುವುದಿಲ್ಲ ಅಂತ ಧೈರ್ಯ. ನೀವು ಕೆಳಗೆ ಭೇಷ್ ಅಂತ ಬರೆದಿರಿ."

ಮಾಸ್ಟ್ರು ಕನ್ನಡಕ ತೆಗೆದರು. "ವಾಕ್ಯ ಸರಿಯಾಗಿತ್ತು," ಎಂದರು ಮೆಲ್ಲಗೆ. "ನಾನು ನೋಡಿದ್ದು ಅದನ್ನು ಮಾತ್ರ. ಆ ಮಗುವನ್ನು ನೋಡಲಿಲ್ಲ." ಕೆಂಪು ಪೆನ್ನು ಹುಡುಕಿ, ಆ ಪುಟದ ಭೇಷನ್ನು ತಾವೇ ಹೊಡೆದುಹಾಕಿದರು. ಒಂದು ಹೆಸರೂ ಅಚ್ಚಾಗುವುದಿಲ್ಲ, ಆಯಾಯ ಮಕ್ಕಳನ್ನು ಕೇಳದೆ ಒಂದು ವಾಕ್ಯವೂ ಅಚ್ಚಾಗುವುದಿಲ್ಲ ಎಂದರು.

ರಂಜಿನಿ ದೇಯಿಯಕ್ಕನ ಮುಂದೆ ಹೋಗಿ ನಿಂತು ಅತ್ತಳು. ದೇಯಿಯಕ್ಕ ಅವಳ ಬೆನ್ನು ಸವರಿದರು. ಇನ್ನು ಉಳಿದವನು ನಾನು. ಹೆಸರು ಕೆಡಿಸಿದ್ದು ಕದ್ದವಳಲ್ಲ, ಪತ್ತೇದಾರಿಕೆ ಮಾಡಲು ಹೊರಟ ನಾನು. ಎದ್ದು ಕೈ ಮುಗಿದೆ.

"ತಪ್ಪಾಯ್ತು ದೇಯಿಯಕ್ಕ. ಈಗಲೇ ಆ ಎರಡು ಮನೆಗೂ ಫೋನ್ ಮಾಡ್ತೇನೆ."

"ಫೋನ್ ಬೇಡ," ಎಂದರು ದೇಯಿಯಕ್ಕ. ಅವರ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ನಾನು ಕೇಳಿರಲಿಲ್ಲ. "ಬಾಗಿಲಿಗೆ ಹೋಗಿ ಹೇಳಿ. ನಾನೂ ಬರ್ತೇನೆ."

ನಾನು ಮೇಡಂ ಕಡೆ ನೋಡಿದೆ. ಅವರು ಬಾಗಿಲು ತೋರಿಸಿದರು.

ಮೊದಲ ಮನೆಯ ಗಂಟೆ ಒತ್ತಿದೆ. ಬಾಗಿಲು ತೆರೆದ ಹೆಂಗಸು ನನ್ನನ್ನು ನೋಡಿ ನಕ್ಕು, ಹಿಂದಿದ್ದ ದೇಯಿಯಕ್ಕನನ್ನು ಕಂಡು ನಗು ನಿಲ್ಲಿಸಿದರು.

"ದೇಯಿಯಕ್ಕ ಕದ್ದಿಲ್ಲ," ಎಂದೆ. "ಗೊತ್ತಿಲ್ಲದೆ ಅಪವಾದ ಹೊರಿಸಿದವನು ನಾನು."

"ಸ್ವಲ್ಪ ಜೋರಾಗಿ ಹೇಳಿ ಮುಖೇಶಣ್ಣ," ಎಂದರು ದೇಯಿಯಕ್ಕ ಬೆನ್ನ ಹಿಂದಿನಿಂದ. "ಒಳಗಿರುವವರಿಗೂ ಕೇಳಲಿ."